ಆರು ಚುಕ್ಕಿಗಳ ಮೇಷ್ಟ್ರು ಲೂಯಿ ಬ್ರೈಲ್



ಅಂಗಡಿಯವರು ಚಿಲ್ಲರೆ ಕೊಟ್ಟಾಗ ಎರಡು ರೂಪಾಯಿ ನಾಣ್ಯವನ್ನು ಒಂದ್ಸಲ ತಿರುಗಿಸಿ ನೋಡಿ. ಯಾವಾಗಲಾದರೂ ಒಮ್ಮೆ ಗಾಂಧೀಜಿಯೂ ಅಲ್ಲದ, ನೆಹರೂ ಅವರೂ ಅಲ್ಲದ ಒಬ್ಬ ಪರದೇಶದ ಮನುಷ್ಯನ ಮುಖ ಅದರ ಮೇಲೆ ಸಿಗಬಹುದು. ನಮ್ಮ ಭಾರತ ಸರ್ಕಾರ 2009ರಲ್ಲಿ ಹೊರಡಿಸಿದ ನಾಣ್ಯ ಅದು. ಆ ಮುಖ ಲೂಯಿ ಬ್ರೈಲ್ ಅವರದು. ಅವರು ರಾಜರಲ್ಲ, ಮಂತ್ರಿಯಲ್ಲ, ಯುದ್ಧ ಗೆದ್ದವರೂ ಅಲ್ಲ. ಕಣ್ಣು ಕಾಣದ ಒಬ್ಬ ಶಾಲಾ ಮೇಷ್ಟ್ರು, ಅಷ್ಟೆ. ಅವರು ಹುಟ್ಟಿ 200 ವರ್ಷ ತುಂಬಿದ ನೆನಪಿಗೆ ನಮ್ಮ ದೇಶ ಅವರ ಮುಖವನ್ನು ನಾಣ್ಯದ ಮೇಲೆ ಅಚ್ಚು ಹಾಕಿಸಿತು. ಅಂಥ ದೊಡ್ಡ ಕೆಲಸ ಅವರು ಏನು ಮಾಡಿದರು? ಈ ಸಲದ ಗೋಡೆ ಪತ್ರಿಕೆಯಲ್ಲಿ ಅವರ ಕಥೆಯನ್ನೇ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ನಿಂತು ಪೂರ್ತಿ ಓದಿ.

ಹುಟ್ಟೂರು ಮತ್ತು ಆ ಕೆಟ್ಟ ದಿನ

ಫ್ರಾನ್ಸ್ ದೇಶದ ರಾಜಧಾನಿ ಪ್ಯಾರಿಸ್. ಅದರ ಪೂರ್ವಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ದೂರದಲ್ಲಿ ಕೂಪ್‌ವ್ರೇ ಅನ್ನುವ ಹಳ್ಳಿ ಇದೆ. ಅಲ್ಲಿ 1809ನೇ ಇಸವಿ ಜನವರಿ 4ರಂದು ಲೂಯಿ ಹುಟ್ಟಿದ. ತಂದೆ ಸಿಮೋನ್ ರೆನೆ, ತಾಯಿ ಮೋನಿಕ್. ನಾಲ್ಕು ಮಕ್ಕಳಲ್ಲಿ ಇವನೇ ಕೊನೆಯವನು. ತಂದೆ ಕುದುರೆಗಳಿಗೆ ಜೀನು, ಲಗಾಮು, ಚರ್ಮದ ಪಟ್ಟಿ ಹೊಲಿಯುವ ಕಸುಬಿನವರು. ಮನೆಗೆ ಅಂಟಿಕೊಂಡೇ ಅವರ ಕೆಲಸದ ಕೋಣೆ ಇತ್ತು. ಕತ್ತರಿ, ಚೂರಿ, ದಬ್ಬಣ, ಚರ್ಮದ ತುಂಡುಗಳು ಎಲ್ಲ ಅಲ್ಲೇ ಇರುತ್ತಿದ್ದವು.

ಚಿಕ್ಕ ಮಕ್ಕಳಿಗೆ ಅಪ್ಪ ಮಾಡುವ ಕೆಲಸವನ್ನೇ ಮಾಡಬೇಕು ಅಂತ ಆಸೆ ಇರುತ್ತದಲ್ಲ. ಲೂಯಿಗೂ ಇತ್ತು. ಅವನಿಗೆ ಆಗ ಮೂರು ವರ್ಷ. ಒಂದು ದಿನ ಚರ್ಮಕ್ಕೆ ತೂತು ಹಾಕುವ ದಬ್ಬಣ ಹಿಡಿದು ಒಂದು ತುಂಡಿಗೆ ಚುಚ್ಚುವುದಕ್ಕೆ ಹೋದ. ಚರ್ಮ ಗಟ್ಟಿ, ಕೈ ಪುಟ್ಟದು. ದಬ್ಬಣ ಜಾರಿ ಸೀದಾ ಕಣ್ಣಿಗೆ ಚುಚ್ಚಿತು. ಗಾಯಕ್ಕೆ ಕೀವು ತುಂಬಿತು. ಆ ಕಾಲದಲ್ಲಿ ಸೋಂಕನ್ನು ತಡೆಯುವ ಔಷಧಿ ಇರಲಿಲ್ಲ. ಒಂದು ಕಣ್ಣಿನ ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿತು. ಐದು ವರ್ಷ ತುಂಬುವ ಹೊತ್ತಿಗೆ ಲೂಯಿಗೆ ಎರಡೂ ಕಣ್ಣು ಪೂರ್ತಿ ಹೋದವು.

ಆಗ ಫ್ರಾನ್ಸಿನಲ್ಲಿ ಅಂಧ ಮಗು ಅಂದರೆ ಬಹುಪಾಲು ಭಿಕ್ಷೆಯ ತಟ್ಟೆಯೇ ಗತಿ. ಲೂಯಿಯ ತಂದೆ ತಾಯಿ ಹಾಗೆ ಬಿಡಲಿಲ್ಲ. ಕೋಲು ಹಿಡಿದು ಊರೊಳಗೆ ಓಡಾಡುವುದನ್ನು ಕಲಿಸಿದರು, ಮನೆಗೆಲಸಕ್ಕೂ ಕೈ ಹಾಕಿಸಿದರು. ಊರಿನ ಚರ್ಚಿಗೆ ಪಲ್ಯುಯಿ ಅನ್ನುವ ಪಾದ್ರಿಗಳು ಬಂದರು. ಅವರು ಹುಡುಗನ ಚುರುಕು ಬುದ್ಧಿ ಕಂಡು ತಾವೇ ಪಾಠ ಹೇಳಿದರು. ಆಮೇಲೆ ಊರ ಶಾಲೆಯ ಮೇಷ್ಟ್ರಾದ ಬೆಷೆರೆ ಅವರಿಗೆ ಹೇಳಿ ಶಾಲೆಗೆ ಸೇರಿಸಿದರು. ಲೂಯಿ ಕಣ್ಣಿದ್ದ ಮಕ್ಕಳ ಜೊತೆಯಲ್ಲೇ ಬೆಂಚಿನ ಮೇಲೆ ಕೂತು, ಕೇಳಿ ಕೇಳಿಯೇ ಕಲಿತ. ಬಾಯಿಲೆಕ್ಕದಲ್ಲಿ ಮುಂದು, ನೆನಪಿನಲ್ಲಿ ಮುಂದು. ಆದರೆ ಉಳಿದವರು ಪುಸ್ತಕ ತೆರೆದಾಗ ಮಾತ್ರ ಅವನು ಸುಮ್ಮನೆ ಕೂರಬೇಕಾಗಿತ್ತು.

ಊರಿನ ಜಮೀನ್ದಾರರಾದ ಓರ್ವಿಲಿಯೆ ಅವರ ಕಡೆಯಿಂದ ಪ್ಯಾರಿಸ್ಸಿಗೆ ಅರ್ಜಿ ಹೋಯಿತು. ವಿದ್ಯಾರ್ಥಿವೇತನ ಮಂಜೂರಾಯಿತು. 1819ರ ಫೆಬ್ರವರಿಯಲ್ಲಿ, ಹತ್ತು ವರ್ಷದ ಲೂಯಿ ತಂದೆಯ ಜೊತೆ ಕುದುರೆ ಗಾಡಿ ಹತ್ತಿ ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಗೆ ಹೋದ.

ಆ ಶಾಲೆ ಹುಟ್ಟಿದ್ದು ಹೇಗೆ?

ಇಲ್ಲಿ ಇನ್ನೊಬ್ಬ ಪುಣ್ಯಾತ್ಮರ ಹೆಸರು ಹೇಳಲೇಬೇಕು. ಅವರು ವ್ಯಾಲೆಂಟಿನ್ ಹೌಯಿ. 1771ರಲ್ಲಿ ಪ್ಯಾರಿಸ್ಸಿನ ಒಂದು ಜಾತ್ರೆಯಲ್ಲಿ ಅವರು ಒಂದು ದೃಶ್ಯ ನೋಡಿದರು. ಕೆಲವು ಅಂಧರಿಗೆ ಉದ್ದ ಟೋಪಿ, ರಟ್ಟಿನ ದೊಡ್ಡ ದೊಡ್ಡ ಕನ್ನಡಕ ಹಾಕಿಸಿ, ಕೈಗೆ ವಾದ್ಯ ಕೊಟ್ಟು, ಬಾರದ ಸಂಗೀತ ನುಡಿಸಲು ಕೂರಿಸಿದ್ದರು. ಸುತ್ತ ನಿಂತ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೌಯಿ ಅವರಿಗೆ ನಗು ಬರಲಿಲ್ಲ, ಹೊಟ್ಟೆ ಉರಿಯಿತು. ಇವರಿಗೆ ಓದು ಕಲಿಸಿಯೇ ತೀರುತ್ತೇನೆ ಅಂತ ಅವರು ನಿಶ್ಚಯ ಮಾಡಿದರು.

1784ರಲ್ಲಿ ಅವರಿಗೆ ಮೊದಲ ಶಿಷ್ಯ ಸಿಕ್ಕಿದ. ಚರ್ಚಿನ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಫ್ರಾಂಸ್ವಾ ಲೆಸ್ಯೂರ್ ಅನ್ನುವ ಹುಡುಗ. ಪಾಠಕ್ಕೆ ಬಂದರೆ ಅವನಿಗೆ ಆ ದಿನದ ಭಿಕ್ಷೆ ತಪ್ಪುತ್ತದಲ್ಲ, ಆ ನಷ್ಟವನ್ನು ಹೌಯಿ ತಮ್ಮ ಕೈಯಿಂದಲೇ ತುಂಬಿಕೊಟ್ಟರು. ಆಮೇಲೆ ಒಂದು ಧರ್ಮಸಂಸ್ಥೆ ಹಣದ ಸಹಾಯಕ್ಕೆ ನಿಂತಿತು, ಶಾಲೆ ಬೆಳೆಯಿತು. ಅಂಧ ಮಕ್ಕಳಿಗೆ ಊಟ, ವಸತಿ, ಪಾಠ, ಸಂಗೀತ, ಕೈಕಸುಬು ಎಲ್ಲ ಒಂದೇ ಕಡೆ ಸಿಗುವ ಹಾಗಾಯಿತು.

ಓದಿಸುವುದಕ್ಕೆ ಹೌಯಿ ಒಂದು ಉಪಾಯ ಮಾಡಿದ್ದರು. ದೊಡ್ಡ ಅಚ್ಚಿನ ಮೊಳೆಗಳ ಮೇಲೆ ಒದ್ದೆ ಮಾಡಿದ ದಪ್ಪ ಕಾಗದ ಒತ್ತಿದರೆ ಅಕ್ಷರ ಉಬ್ಬಿ ನಿಲ್ಲುತ್ತದೆ. ಅದನ್ನು ಬೆರಳಿನಿಂದ ಸವರಿ ಓದಬೇಕು. ನಾವು ಕಣ್ಣಿನಿಂದ ನೋಡುವ ಅಕ್ಷರದ ಆಕಾರವೇ, ಉಬ್ಬಿದ್ದು ಮಾತ್ರ ವ್ಯತ್ಯಾಸ. ಅದಕ್ಕಿಂತ ಮುಂಚೆ ಏನೂ ಇರಲಿಲ್ಲವಲ್ಲ, ಹಾಗಾಗಿ ಇದು ನಿಜವಾಗಿಯೂ ದೊಡ್ಡ ಉಪಕಾರ.

ಆದರೆ ತೊಂದರೆ ಎಲ್ಲಿತ್ತು ಅಂದರೆ, ಆ ಅಕ್ಷರ ಕಣ್ಣಿಗಾಗಿ ಹುಟ್ಟಿದ್ದು, ಬೆರಳಿಗಲ್ಲ. ನೀವೇ ಕಣ್ಣು ಮುಚ್ಚಿ ನಮ್ಮ ಶಾಲೆಯ ಹೆಸರಿನ ಫಲಕದ ಉಬ್ಬಕ್ಷರ ಸವರಿ ನೋಡಿ. ಒಂದು ಅಕ್ಷರದ ಸುತ್ತು, ಗೆರೆ, ಕೊಂಬು ಎಲ್ಲ ಗುರುತು ಹಿಡಿಯುವಷ್ಟರಲ್ಲಿ ಸಾಕಾಗುತ್ತದೆ. ಸಾಲಿನ ಕೊನೆ ಮುಟ್ಟುವಾಗ ಮೊದಲು ಏನಿತ್ತು ಅನ್ನುವುದೇ ಮರೆಯುತ್ತದೆ. ಅಕ್ಷರ ದೊಡ್ಡದಾಗಿದ್ದರಿಂದ ಪುಸ್ತಕಗಳೂ ದೊಡ್ಡವು, ಎತ್ತುವುದಕ್ಕೇ ಭಾರ. ಖರ್ಚೂ ಬಹಳ. ಹಾಗಾಗಿ ಇಡೀ ಶಾಲೆಗೆ ಇದ್ದ ಪುಸ್ತಕಗಳು ಬೆರಳೆಣಿಕೆ. ಎಲ್ಲಕ್ಕಿಂತ ಮುಖ್ಯ ವಿಷಯ ಏನೆಂದರೆ, ಇದರಲ್ಲಿ ಹೇಗೋ ಓದಬಹುದಿತ್ತು, ಆದರೆ ಮಕ್ಕಳು ತಾವೇ ಕೂತು ಬರೆದುಕೊಳ್ಳುವ ಹಾಗಿರಲಿಲ್ಲ. ಮನೆಗೆ ಒಂದು ಕಾಗದ ಬರೆಯಬೇಕಾದರೂ ಇನ್ನೊಬ್ಬರನ್ನು ಕೇಳಬೇಕು.

ಶಾಲೆಯ ಕಟ್ಟಡವೂ ಹಳೆಯದು, ತೇವದಿಂದ ಕೂಡಿದ್ದು. ಬಿಸಿಲು ಗಾಳಿ ಕಡಿಮೆ. ಅಲ್ಲಿದ್ದ ಎಷ್ಟೋ ಮಕ್ಕಳು ಕೆಮ್ಮಿ ಕೆಮ್ಮಿ ಸೊರಗುತ್ತಿದ್ದರು. ಆದರೂ ಲೂಯಿ ಓದಿನಲ್ಲಿ, ಸಂಗೀತದಲ್ಲಿ, ಕೈಕೆಲಸದಲ್ಲಿ ಬಹುಮಾನ ತೆಗೆದುಕೊಂಡ.

ಹನ್ನೆರಡು ಚುಕ್ಕಿ ಹೋಗಿ ಆರು ಚುಕ್ಕಿ ಬಂತು

1821ರಲ್ಲಿ ಚಾರ್ಲ್ಸ್ ಬಾರ್ಬಿಯೆ ಅನ್ನುವ ನಿವೃತ್ತ ಸೈನ್ಯಾಧಿಕಾರಿಯ ಹೊಸ ಬರವಣಿಗೆಯನ್ನು ಆ ಶಾಲೆಯಲ್ಲಿ ಪರೀಕ್ಷೆ ಮಾಡಿದರು. ಅದರಲ್ಲಿ ಅಕ್ಷರವೇ ಇಲ್ಲ, ಬರೀ ಉಬ್ಬು ಚುಕ್ಕಿಗಳು. ಒಂದೊಂದು ಧ್ವನಿಗೆ ಒಂದೊಂದು ಗುಂಪು. ಒಂದು ಗುಂಪಿನಲ್ಲಿ ಹನ್ನೆರಡರ ತನಕ ಚುಕ್ಕಿ ಬರಬಹುದು. ಮೊನಚು ಕಡ್ಡಿಯಿಂದ ಕಾಗದ ಚುಚ್ಚಿ ಯಾರು ಬೇಕಾದರೂ ಬರೆಯಬಹುದು.

ಮಕ್ಕಳಿಗೆ ಇದು ಬಹಳ ಹಿಡಿಸಿತು. ಬೆರಳಿಗೆ ಗೆರೆಗಿಂತ ಚುಕ್ಕಿ ಬೇಗ ತಿಳಿಯುತ್ತದೆ ಅನ್ನುವುದನ್ನು ಹನ್ನೆರಡು ವರ್ಷದ ಲೂಯಿ ತಕ್ಷಣ ಕಂಡುಕೊಂಡ. ಜೊತೆಗೆ ಅದರ ಕೊರತೆಯನ್ನೂ ಕಂಡುಕೊಂಡ. ಹನ್ನೆರಡು ಚುಕ್ಕಿ ಒಂದು ಬೆರಳಿನ ತುದಿಯಲ್ಲಿ ಹಿಡಿಸುವುದಿಲ್ಲ, ಬೆರಳನ್ನು ಮೇಲೆ ಕೆಳಗೆ ಆಡಿಸಬೇಕು. ಧ್ವನಿ ಮಾತ್ರ ಬರೆಯುವುದರಿಂದ ಕಾಗುಣಿತ ಇಲ್ಲ. ಪೂರ್ಣವಿರಾಮ ಇಲ್ಲ, ಅಂಕಿ ಇಲ್ಲ, ಸಂಗೀತದ ಸ್ವರ ಇಲ್ಲ. ಬಾರ್ಬಿಯೆ ಅವರ ಮನಸ್ಸು ಒಳ್ಳೆಯದೇ, ಆದರೆ ಅವರಿಗೆ ಕಣ್ಣಿತ್ತು. ಬೆರಳಿನಿಂದ ಓದುವವರ ಕಷ್ಟ ಅವರಿಗೆ ಅಷ್ಟಾಗಿ ತಿಳಿಯಲಿಲ್ಲ.

ಆಮೇಲೆ ಲೂಯಿ ಹಿಡಿದ ಹಟ ನೋಡಿ. ಹಗಲು ತರಗತಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಕಾಗದ, ಕಡ್ಡಿ. ರಜೆಗೆ ಊರಿಗೆ ಹೋದರೂ ಅದೇ ಕೆಲಸ. ಚುಕ್ಕಿ ಕಡಿಮೆ ಮಾಡುವುದು, ಜೋಡಿಸುವುದು, ಗೆಳೆಯರಿಗೆ ಓದಿಸಿ ನೋಡುವುದು, ಸರಿಯಾಗದಿದ್ದರೆ ಕೆಡವಿ ಮತ್ತೆ ಮಾಡುವುದು. 1824ರಲ್ಲಿ ಅದು ಒಂದು ರೂಪಕ್ಕೆ ಬಂತು. ಆಗ ಅವನಿಗೆ ಹದಿನೈದು ವರ್ಷ. ಅಂದರೆ ನಮ್ಮ ಹತ್ತನೇ ತರಗತಿಯವರ ವಯಸ್ಸು!

ಲೆಕ್ಕ ಬಹಳ ಸುಲಭ. ಆರೇ ಚುಕ್ಕಿ. ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3. ಬಲಗಡೆ 4, 5, 6. ಯಾವ ಚುಕ್ಕಿ ಉಬ್ಬಿದೆ, ಯಾವುದು ಇಲ್ಲ ಅನ್ನುವುದರ ಮೇಲೆ ಅಕ್ಷರ. ಆರು ಚುಕ್ಕಿಯಿಂದ 63 ಬೇರೆ ಬೇರೆ ಗುರುತು ಮಾಡಬಹುದು. ಅಕ್ಷರ, ಅಂಕಿ, ವಿರಾಮ ಚಿಹ್ನೆ, ಸಂಗೀತ ಎಲ್ಲಕ್ಕೂ ಅದು ಸಾಕು. ಇಡೀ ಗುಂಪು ಬೆರಳ ತುದಿಯ ಕೆಳಗೆ ಒಂದೇ ಸಲಕ್ಕೆ ಸಿಗುತ್ತದೆ. ಬೆರಳು ಎಡದಿಂದ ಬಲಕ್ಕೆ ಹರಿಯುತ್ತಾ ಹೋದರೆ ಆಯಿತು.

ನಮ್ಮ ಕನ್ನಡವನ್ನೂ ಇದೇ ಆರು ಚುಕ್ಕಿಯಲ್ಲಿ ಬರೆಯುತ್ತಾರೆ. ಕಮಲ ಅನ್ನುವ ಪದ ಹೀಗಿರುತ್ತದೆ. ಕಪ್ಪಾಗಿ ತುಂಬಿದ್ದು ಉಬ್ಬಿದ ಚುಕ್ಕಿ.

ಕ      ಮ      ಲ
● ○    ● ●    ● ○
○ ○    ○ ○    ● ○
● ○    ● ○    ● ○

ಹುಣಿಸೆ ಬೀಜ ಇಟ್ಟು ನೀವೂ ಮಾಡಿ ನೋಡಿ. ಅ ಅಕ್ಷರಕ್ಕೆ 1ನೇ ಚುಕ್ಕಿ ಒಂದೇ ಸಾಕು. ಬ ಅಕ್ಷರಕ್ಕೆ 1 ಮತ್ತು 2. ಗುಡಿಸು, ದೀರ್ಘ ಇವನ್ನೆಲ್ಲ ತಲೆಯ ಮೇಲೆ ಅಂಟಿಸುವ ಹಾಗಿಲ್ಲ, ವ್ಯಂಜನದ ಮುಂದೆ ಸ್ವರವನ್ನು ಇನ್ನೊಂದು ಗುಂಪಾಗಿ ಬರೆಯಬೇಕು. ಬರೆಯುವಾಗ ಇನ್ನೊಂದು ಚಮತ್ಕಾರ ಇದೆ. ಕಾಗದದ ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ, ಕನ್ನಡಿಯೊಳಗಿನ ಬಿಂಬದ ಹಾಗೆ ಬರೆಯಬೇಕು. ಕಾಗದ ಮಗುಚಿದರೆ ಎಡದಿಂದ ಬಲಕ್ಕೆ ಓದಬಹುದು. ಚುಚ್ಚುವ ಸಾಧನ ಯಾವುದು ಗೊತ್ತೇ? ಒಂದು ಪುಟ್ಟ ದಬ್ಬಣದಂಥದ್ದೇ. ಕಣ್ಣು ಕಿತ್ತುಕೊಂಡ ವಸ್ತುವಿನಂಥದ್ದೇ ಒಂದು ವಸ್ತು ಅವನ ಕೈಯಲ್ಲಿ ಲೇಖನಿಯಾಯಿತು.

ಮೇಷ್ಟ್ರಾದರು, ಆದರೆ ಮನ್ನಣೆ ಸಿಗಲಿಲ್ಲ

1828ರಲ್ಲಿ ಲೂಯಿ ಅದೇ ಶಾಲೆಯಲ್ಲಿ ಸಹಾಯಕ ಮೇಷ್ಟ್ರಾದರು. 1833ರಲ್ಲಿ ಪೂರ್ಣ ಪ್ರಮಾಣದ ಮೇಷ್ಟ್ರಾದರು. (ಇನ್ನು ಮುಂದೆ ಅವರು ಅಂತಲೇ ಬರೆಯುತ್ತೇನೆ.) ಚರ್ಚುಗಳಲ್ಲಿ ಆರ್ಗನ್ ನುಡಿಸಿ ಹೆಸರು ಪಡೆದರು. 1829ರಲ್ಲಿ ತಮ್ಮ ಚುಕ್ಕಿ ಲಿಪಿಯನ್ನು ವಿವರಿಸುವ ಪುಸ್ತಕ ಹೊರತಂದರು. 1837ರಲ್ಲಿ ಅದನ್ನೇ ತಿದ್ದಿ ಇನ್ನೂ ಚೊಕ್ಕ ಮಾಡಿದರು.

ಅವರು ಇಷ್ಟಕ್ಕೇ ನಿಲ್ಲಲಿಲ್ಲ. ಅಂಧ ಮಕ್ಕಳು ಮನೆಯವರಿಗೆ ಕಾಗದ ಬರೆದರೆ ಮನೆಯವರಿಗೆ ಚುಕ್ಕಿ ಓದಲು ಬರಬೇಕಲ್ಲ? ಅದಕ್ಕಾಗಿ 1839ರಲ್ಲಿ, ಕಣ್ಣಿದ್ದವರು ಓದುವ ಅಕ್ಷರದ ಆಕಾರವನ್ನೇ ಚುಕ್ಕಿಗಳಿಂದ ಮೂಡಿಸುವ ಬೇರೆ ವಿಧಾನ ಪ್ರಕಟಿಸಿದರು. ಫೂಕೋ ಅನ್ನುವ ಇನ್ನೊಬ್ಬ ಅಂಧ ಗೆಳೆಯರು ಅದಕ್ಕೊಂದು ಯಂತ್ರವನ್ನೇ ಮಾಡಿಕೊಟ್ಟರು.

ಮಕ್ಕಳಿಗೆ ಆರು ಚುಕ್ಕಿ ಜೀವಕ್ಕಿಂತ ಹೆಚ್ಚಾಯಿತು. ಪಾಠ ಬರೆದುಕೊಂಡರು, ಹಾಡು ಬರೆದುಕೊಂಡರು, ಒಬ್ಬರಿಗೊಬ್ಬರು ಚೀಟಿ ಬರೆದರು. ಆದರೆ ದೊಡ್ಡವರು ಒಪ್ಪಲಿಲ್ಲ. ಅವರ ವಾದ ಏನು ಅಂದರೆ, ಅಂಧರಿಗೆ ಬೇರೆ ಲಿಪಿ ಕೊಟ್ಟರೆ ಅವರು ಉಳಿದ ಸಮಾಜದಿಂದ ದೂರ ಆಗುತ್ತಾರೆ, ಎಲ್ಲರ ಅಕ್ಷರವೇ ಅವರಿಗೂ ಇರಲಿ. ಕೇಳುವುದಕ್ಕೆ ಎಷ್ಟು ನ್ಯಾಯವಾಗಿದೆ ನೋಡಿ! ಕಣ್ಣಿದ್ದ ಮೇಷ್ಟ್ರುಗಳಿಗೆ ಅದೇ ಅನುಕೂಲವೂ ಆಗಿತ್ತು, ಹೊಸದಾಗಿ ಏನೂ ಕಲಿಯಬೇಕಾಗಿರಲಿಲ್ಲ. ಓದುವ ಬೆರಳಿಗೆ ಯಾವುದು ಸುಲಭ ಅಂತ ಮಾತ್ರ ಯಾರೂ ಕೇಳಲಿಲ್ಲ.

1840ರಲ್ಲಿ ಡುಫೋ ಅನ್ನುವವರು ಶಾಲೆಯ ಮುಖ್ಯಸ್ಥರಾದರು. ಅವರು ಚುಕ್ಕಿ ಲಿಪಿಯನ್ನು ನಿಲ್ಲಿಸಿ ಮತ್ತೆ ಉಬ್ಬಕ್ಷರವನ್ನೇ ತಂದರು. ಮಕ್ಕಳು ಬಿಟ್ಟರೇ? ಕದ್ದುಮುಚ್ಚಿ ಚುಕ್ಕಿಯಲ್ಲೇ ಬರೆದರು. ದೊಡ್ಡ ಮಕ್ಕಳು ಸಣ್ಣ ಮಕ್ಕಳಿಗೆ ಗುಟ್ಟಾಗಿ ಕಲಿಸಿದರು. ಯೋಚಿಸಿ, ನಮಗೆಲ್ಲ ಬರೆಯಿರಿ ಬರೆಯಿರಿ ಅಂತ ಮೇಷ್ಟ್ರು ಹಿಂದೆ ಬಿದ್ದರೂ ನಾವು ಬರೆಯುವುದಿಲ್ಲ. ಅವರು ಬರೆಯಬೇಡಿ ಅಂದರೂ ಬರೆದರು.

ಕೊನೆಗೆ ಉಪಮುಖ್ಯಸ್ಥರಾಗಿದ್ದ ಗ್ವಾದೆ ಅವರ ಮನಸ್ಸು ತಿರುಗಿತು. ಮಕ್ಕಳು ಎಷ್ಟು ಬೇಗ ಓದುತ್ತಾರೆ, ಬರೆಯುತ್ತಾರೆ ಅಂತ ಅವರು ಹತ್ತಿರದಿಂದ ನೋಡಿದ್ದರು. ಡುಫೋ ಅವರನ್ನೂ ಒಪ್ಪಿಸಿದರು. 1844ರ ಫೆಬ್ರವರಿಯಲ್ಲಿ ಶಾಲೆಯ ಹೊಸ ಕಟ್ಟಡದ ಪ್ರಾರಂಭೋತ್ಸವ. ಊರಿನ ಗಣ್ಯರೆಲ್ಲ ಸೇರಿದ್ದ ಆ ಸಭೆಯಲ್ಲೇ ಚುಕ್ಕಿ ಲಿಪಿಯ ವಿಷಯ ಓದಿ ಹೇಳಿ, ಮಕ್ಕಳಿಂದ ಬರೆಸಿ ಓದಿಸಿ ತೋರಿಸಿದರು. ಬ್ರೈಲ್ ಅವರೂ ಆ ಸಭೆಯಲ್ಲಿದ್ದರು. ಇಪ್ಪತ್ತು ವರ್ಷದ ಹಿಂದೆ ಮಾಡಿದ ಕೆಲಸಕ್ಕೆ ಅವತ್ತು ಮೊದಲ ಸಲ ನಾಲ್ಕು ಜನರ ಮುಂದೆ ಗೌರವ ಸಿಕ್ಕಿತು.

ಕೊನೆಯ ದಿನಗಳು

ಆದರೆ ದೇಹ ಅಷ್ಟರಲ್ಲಿ ಸೋತಿತ್ತು. ಇಪ್ಪತ್ತಾರನೇ ವಯಸ್ಸಿನ ಸುಮಾರಿಗೇ ಅವರಿಗೆ ಕ್ಷಯ ರೋಗ ಹಿಡಿದಿತ್ತು. ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ. ಸ್ವಲ್ಪ ದಿನ ಪಾಠ, ಸ್ವಲ್ಪ ದಿನ ಹಾಸಿಗೆ, ಸ್ವಲ್ಪ ದಿನ ಊರಿನ ಗಾಳಿ, ಹೀಗೇ ವರ್ಷಗಳು ಹೋದವು.

ಸಂಬಳ ಕಡಿಮೆ ಇದ್ದರೂ ಕೈ ಮಾತ್ರ ದೊಡ್ಡದು. ಒಂದು ಚರ್ಚಿನಲ್ಲಿ ತಮಗಿದ್ದ ಆರ್ಗನ್ ಕೆಲಸವನ್ನು ತಮಗಿಂತ ಕಷ್ಟದಲ್ಲಿದ್ದ ಇನ್ನೊಬ್ಬ ಅಂಧನಿಗೆ ಬಿಟ್ಟುಕೊಟ್ಟರು ಅಂತ ಅವರ ಗೆಳೆಯರು ಬರೆದಿಟ್ಟಿದ್ದಾರೆ. ಅವರು ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ ಸಿಕ್ಕಿತಂತೆ, ತೆರೆಯದೆ ಸುಡಿ ಅಂತ ಹೇಳಿ ಇಟ್ಟಿದ್ದರಂತೆ. ಗೆಳೆಯರು ತಡೆಯಲಾರದೆ ತೆರೆದರೆ ಒಳಗೆ ಬರೀ ಸಾಲದ ಚೀಟಿಗಳು! ಮಕ್ಕಳಿಗೆ ಕೊಟ್ಟ ಸಾಲ. ಯಾರೂ ತೀರಿಸಬೇಕಾಗಿಲ್ಲ ಅಂತ ಅದನ್ನು ಸುಡಲು ಹೇಳಿದ್ದರಂತೆ.

1852ರ ಜನವರಿ 6ರಂದು ಲೂಯಿ ಬ್ರೈಲ್ ತೀರಿಕೊಂಡರು. ನಲವತ್ತಮೂರು ತುಂಬಿ ಎರಡೇ ದಿನ. ಅವರ ದೇಹವನ್ನು ಹುಟ್ಟೂರು ಕೂಪ್‌ವ್ರೇಗೆ ಒಯ್ದು ಮಣ್ಣು ಮಾಡಿದರು. ಫ್ರಾನ್ಸ್ ಸರ್ಕಾರ ಅವರ ಲಿಪಿಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1854ರಲ್ಲಿ, ಅಂದರೆ ಅವರು ಹೋಗಿ ಎರಡು ವರ್ಷದ ಮೇಲೆ. ನೋಡುವುದಕ್ಕೆ, ಅಲ್ಲ, ಕೇಳುವುದಕ್ಕೆ ಅವರೇ ಇರಲಿಲ್ಲ.

ಆಮೇಲೆ ಏನಾಯಿತು?

ಇಂಗ್ಲೆಂಡಿನಲ್ಲಿ ಆಗ ಇನ್ನೊಂದು ಗೊಂದಲ ಇತ್ತು. ಅಂಧರಿಗೆ ಸಹಾಯ ಮಾಡುವ ಧರ್ಮಸಂಸ್ಥೆಗಳು ಅಲ್ಲಿ ಹಲವು. ಒಂದೊಂದು ಕಡೆ ಒಂದೊಂದು ಥರದ ಉಬ್ಬಕ್ಷರ. ಒಂದು ಊರಿನಲ್ಲಿ ಕಲಿತವನು ಇನ್ನೊಂದು ಊರಿನ ಪುಸ್ತಕ ಓದುವ ಹಾಗಿಲ್ಲ. ಆಗ ಆರ್ಮಿಟೇಜ್ ಅನ್ನುವ ವೈದ್ಯರು ಮುಂದೆ ಬಂದರು. ಅವರ ಕಣ್ಣೇ ಮಂದವಾಗುತ್ತಾ ಬಂದು ವೈದ್ಯ ವೃತ್ತಿ ಬಿಡಬೇಕಾಗಿ ಬಂದಿತ್ತು. 1868ರಲ್ಲಿ ಅವರು ಇತರ ಅಂಧ ಗೆಳೆಯರ ಜೊತೆ ಒಂದು ಸಂಘ ಕಟ್ಟಿದರು. ಯಾವ ಲಿಪಿ ಒಳ್ಳೆಯದು ಅಂತ ತೀರ್ಮಾನಿಸುವುದು ಅದರ ಮೊದಲ ಕೆಲಸ. ತೀರ್ಮಾನ ಮಾಡುವವರು ಯಾರು ಅನ್ನುವುದಕ್ಕೆ ಅವರು ಮಾಡಿದ ನಿಯಮ ಬಹಳ ಚೆನ್ನಾಗಿದೆ. ಅವರು ಬೆರಳಿನಿಂದಲೇ ಓದುವ ಅಂಧರಾಗಿರಬೇಕು, ಕಡೇ ಪಕ್ಷ ಮೂರು ಬಗೆಯ ಲಿಪಿ ಬಲ್ಲವರಾಗಿರಬೇಕು, ಯಾವ ಲಿಪಿಯಿಂದಲೂ ಹಣದ ಲಾಭ ಪಡೆಯುವವರಾಗಿರಬಾರದು. ಅವರೆಲ್ಲ ಸೇರಿ ಓದಿ, ಹೋಲಿಸಿ, ಆರಿಸಿದ್ದು ಬ್ರೈಲ್ ಲಿಪಿಯನ್ನೇ. ಆ ಸಂಘವೇ ಬೆಳೆದು ಇವತ್ತು ಬ್ರಿಟನ್ನಿನ ಅಂಧರ ರಾಷ್ಟ್ರೀಯ ಸಂಸ್ಥೆಯಾಗಿದೆ. 1878ರಲ್ಲಿ ಪ್ಯಾರಿಸ್ಸಿನಲ್ಲಿ ಹಲವು ದೇಶದವರು ಸಭೆ ಸೇರಿ ಅಂಧರಿಗೆ ಬ್ರೈಲ್ ಲಿಪಿಯೇ ಸರಿ ಅಂತ ಒಪ್ಪಿದರು.

ನಮ್ಮ ದೇಶದಲ್ಲಿ ಅಂಧರಿಗಾಗಿ ಮೊದಲ ಶಾಲೆ 1887ರಲ್ಲಿ ಅಮೃತಸರದಲ್ಲಿ ಆರಂಭವಾಯಿತು. ನಮ್ಮ ಮೈಸೂರಿನಲ್ಲಿ 1901ರಲ್ಲೇ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಶುರುವಾಯಿತು. ಇಲ್ಲಿಯೂ ಮೊದಲು ಒಂದೊಂದು ಕಡೆ ಒಂದೊಂದು ರೀತಿಯ ಚುಕ್ಕಿ ಲಿಪಿ ಇದ್ದವು. ಸ್ವಾತಂತ್ರ್ಯ ಬಂದ ಮೇಲೆ, 1951ರಲ್ಲಿ, ಎಲ್ಲ ಭಾರತೀಯ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ ಬಂತು. ಕನ್ನಡದ ಕ, ಹಿಂದಿಯ ಕ, ತಮಿಳಿನ ಕ ಕಣ್ಣಿಗೆ ಬೇರೆ ಬೇರೆ, ಬೆರಳಿಗೆ ಮಾತ್ರ ಒಂದೇ. ಇದು ನನಗೆ ಬಹಳ ಸೋಜಿಗ ಅನ್ನಿಸಿತು.

1952ರಲ್ಲಿ, ಅವರು ತೀರಿಕೊಂಡು ನೂರು ವರ್ಷಕ್ಕೆ, ಫ್ರಾನ್ಸಿನವರು ಬ್ರೈಲ್ ಅವರ ಅಸ್ಥಿಯನ್ನು ಪ್ಯಾರಿಸ್ಸಿನ ಪಾಂತೆಯೋನಿಗೆ ಒಯ್ದರು. ದೇಶದ ಮಹಾಪುರುಷರಿಗೆ ಮಾತ್ರ ಸಿಗುವ ಜಾಗ ಅದು. ಆದರೆ ಅವರ ಕೈಗಳ ಅಸ್ಥಿಯನ್ನು ಮಾತ್ರ ಕೂಪ್‌ವ್ರೇಯಲ್ಲೇ ಉಳಿಸಿಕೊಂಡರು. ಓದಿದ, ಬರೆದ ಕೈಗಳು ಹುಟ್ಟಿದೂರಿನಲ್ಲೇ ಇವೆ. ಅವರು ಹುಟ್ಟಿದ ಮನೆ ಈಗ ವಸ್ತು ಸಂಗ್ರಹಾಲಯ. 2019ರಿಂದ ವಿಶ್ವಸಂಸ್ಥೆ ಪ್ರತಿ ವರ್ಷ ಜನವರಿ 4ನ್ನು ವಿಶ್ವ ಬ್ರೈಲ್ ದಿನ ಅಂತ ಆಚರಿಸುತ್ತಿದೆ.

ನಾವು ಕಲಿಯಬೇಕಾದ್ದು

ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಹೌಯಿ ಒಳ್ಳೆಯವರು, ಬಾರ್ಬಿಯೆ ಒಳ್ಳೆಯವರು, ಲಿಪಿ ನಿಲ್ಲಿಸಿದ ಡುಫೋ ಅವರೂ ಮಕ್ಕಳಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದರು. ಅನ್ನ ಕೊಟ್ಟರು, ಬಟ್ಟೆ ಕೊಟ್ಟರು, ಸೂರು ಕೊಟ್ಟರು. ಅವರು ಶಾಲೆ ಕಟ್ಟದೆ ಇದ್ದಿದ್ದರೆ ಲೂಯಿಗೆ ಚುಕ್ಕಿ ಮುಟ್ಟುವ ಅವಕಾಶವೇ ಬರುತ್ತಿರಲಿಲ್ಲ. ಹಾಗಾಗಿ ದಾನ ಧರ್ಮ ದೊಡ್ಡದೇ. ಆದರೆ ಕೊಡುವಾಗ, ನಿನಗೆ ಯಾವುದು ಬೇಕಪ್ಪಾ ಅಂತ ಒಂದು ಮಾತು ಕೇಳಿದ್ದರೆ ಇಪ್ಪತ್ತು ಮೂವತ್ತು ವರ್ಷ ಉಳಿಯುತ್ತಿತ್ತು. ಎಷ್ಟೋ ಮಕ್ಕಳು ಓದು ಬರಹ ಕಲಿತು ತಮ್ಮ ಕಾಲ ಮೇಲೆ ನಿಲ್ಲುತ್ತಿದ್ದರು.

ನಾವೂ ಹಾಗೇ ಮಾಡುತ್ತೇವೆ. ಬಸ್ ಸ್ಟ್ಯಾಂಡಿನಲ್ಲಿ ಕಣ್ಣು ಕಾಣದವರು ನಿಂತಿದ್ದರೆ, ಅವರು ಎಲ್ಲಿಗೆ ಹೋಗಬೇಕು ಅಂತ ಕೇಳದೆಯೇ ರಟ್ಟೆ ಹಿಡಿದು ಎಳೆದುಕೊಂಡು ರಸ್ತೆ ದಾಟಿಸಿಬಿಡುತ್ತೇವೆ. ಪಾಪ, ಅವರಿಗೆ ಈ ಕಡೆಯ ಬಸ್ಸೇ ಬೇಕಾಗಿರಬಹುದು! ಇನ್ನು ಮುಂದೆ ಮೊದಲು ಕೇಳೋಣ. ಅವರು ಹೂಂ ಅಂದರೆ ನಮ್ಮ ಮೊಣಕೈ ಅವರ ಕೈಗೆ ಕೊಡೋಣ. ಅವರು ಹಿಡಿದುಕೊಂಡು ಬರಲಿ, ನಾವು ಎಳೆಯುವುದು ಬೇಡ.

ನಿಮಗೆ ಆ ಎರಡು ರೂಪಾಯಿ ನಾಣ್ಯ ಸಿಕ್ಕರೆ ಖರ್ಚು ಮಾಡಬೇಡಿ, ತರಗತಿಗೆ ತನ್ನಿ. ಈ ಪತ್ರಿಕೆಯ ಕೆಳಗೆ ಅಂಟಿಸೋಣ.

(10ನೇ ತರಗತಿ, ಗೋಡೆ ಪತ್ರಿಕೆ ಬಳಗದ ಪರವಾಗಿ)